ಟ್ಯಾಂಕಿಗೆ ಹಚ್ಚಿದ ವಿಭೂತಿ

ತಟ್ಟೆಯಲ್ಲಿ ಅಷ್ಟು ವಿಭೂತಿ ಮಿಗದೇ ಹೋಗಿದ್ದರೆ ಲಿಂಗರಾಜುವಿನ ಸಂಸಾರಕ್ಕೆ ಆ ವಾರ ಬಂದ ಸಂಕಟ ಯಾವುದೂ ಬರುತ್ತಿರಲಿಲ್ಲ.

ಅವತ್ತು ಆಯುಧಪೂಜೆ. ಜಪಾನಿನ ಸರ್ಕಾರಕ್ಕೂ ಅದೇ ಸೋಮವಾರ ಯಾವುದೋ ರಜೆ ಕೊಡಬೇಕೆನ್ನಿಸಿ, ಯೋಕೋಹಾಮಾದ ಆಫೀಸಿಗೆ ಹೋಗಬೇಕಾಗಿದ್ದ ಲಿಂಗರಾಜು ಸಗಮಿಹಾರಾದ ಮನೆಯಲ್ಲೇ ಉಳಿದಿದ್ದ. ಆ ಹಳೆಯ ಮರದ ಮನೆಯಲ್ಲಿ ಆಯುಧ ಎನ್ನಬಹುದಾದದ್ದು ತಿಪಟೂರಿನಿಂದ ತಂದ ಈಳಿಗೆಮಣೆ ಒಂದೇ. ಆದರೂ ಮಿಕ್ಸಿ, ಅನ್ನದ ಕುಕ್ಕರು, ಸೈಕಲ್ಲುಗಳು, ಆಫೀಸಿನ ಲ್ಯಾಪ್‌ಟಾಪು, ಮಗಳು ಹಂಸಾಳ ಸ್ಕೂಲಿನ ಹೊಲಿಗೆ ಪೆಟ್ಟಿಗೆ ಎಲ್ಲವೂ ಹಣೆಗೆ ಮೂರು ಗೆರೆ ವಿಭೂತಿ ಹಚ್ಚಿಸಿಕೊಂಡು ಸಾಲಾಗಿ ಕೂತವು. ಇಷ್ಟಾದರೂ ತಟ್ಟೆಯಲ್ಲಿ ವಿಭೂತಿ ಮಿಕ್ಕಿತು. ನೆನೆಸಿದ ವಿಭೂತಿಯನ್ನು ಚೆಲ್ಲುವಂತಿಲ್ಲ. ಒಳಗೆ ಒಯ್ದರೆ, "ಇಷ್ಟೊಂದು ಯಾಕೆ ನೆನೆಸಿದ್ರಿ" ಎಂದು ಹೆಂಡತಿ ನೀರಜಾ ಕೇಳುವುದು ಖಂಡಿತ. ಲಿಂಗರಾಜು ತಟ್ಟೆ ಹಿಡಿದು ಹಿತ್ತಿಲಲ್ಲಿ ಸುತ್ತಲೂ ನೋಡಿದ. ಅಲ್ಲಿ ಸೀಮೆಎಣ್ಣೆ ಟ್ಯಾಂಕು ನಿಂತಿತ್ತು.

ಬಚ್ಚಲುಮನೆಯ ಗೋಡೆಗೆ ಒರಗಿದಂತೆ, ನಾಲ್ಕು ಸಣಕಲು ಕಬ್ಬಿಣದ ಕಾಲುಗಳ ಮೇಲೆ ನಿಂತ, ಬೂದುಬಣ್ಣದ, ಡೊಳ್ಳುಹೊಟ್ಟೆಯ ಟ್ಯಾಂಕು ಅದು. ಮನೆಯ ಬಿಸಿನೀರು, ಚಳಿಗಾಲದ ಒಲೆ ಎಲ್ಲಕ್ಕೂ ಎಣ್ಣೆ ಅದರಿಂದಲೇ. ಐದು ವರ್ಷದ ಹಿಂದಿನ ಮಹಾಭೂಕಂಪದಲ್ಲಿ ಅದರ ಒಂದು ಕಾಲು ಸೊಟ್ಟಗಾಗಿತ್ತು. ಆ ಕಾಲಿನ ಕೆಳಗೆ ಯಾರೋ ಒಂದು ಇಟ್ಟಿಗೆ ಕೊಟ್ಟಿದ್ದರು. ಅಂದಿನಿಂದ ಟ್ಯಾಂಕು ಆ ಇಟ್ಟಿಗೆಯ ಭರವಸೆಯ ಮೇಲೇ ನಿಂತಿತ್ತು. ಈಗ ಅಡಿಯಲ್ಲಿ ತುಕ್ಕು ಹಿಡಿದು, ಹತ್ತಿರ ಹೋದರೆ ಎಣ್ಣೆಯ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಬರುವ ಶನಿವಾರ ಅದನ್ನು ತೆಗೆಸಿ ಕರೆಂಟಿನ ಹೀಟರು ಕೂರಿಸುವುದೆಂದು ಮನೆಯೊಡತಿ ತಾನಿಗಾವಾ ಅಜ್ಜಿ ಆಗಲೇ ಏರ್ಪಾಡು ಮಾಡಿದ್ದರು.

ಲಿಂಗರಾಜು ಮೂರು ಬೆರಳು ಅದ್ದಿ ಟ್ಯಾಂಕಿನ ಹೊಟ್ಟೆಯ ಮೇಲೆ ಅಡ್ಡಕ್ಕೆ ಎಳೆದ. ಗೆರೆ ಎಷ್ಟು ಭರ್ಜರಿಯಾಗಿ ಬಂತೆಂದರೆ ಅದಕ್ಕೊಂದು ಕುಂಕುಮದ ಬೊಟ್ಟು ಇಡದೆ ಇರಲಾಗಲಿಲ್ಲ. ಬೊಟ್ಟಿಟ್ಟ ಮೇಲೆ ನೀರಜಾಳ ಕುಂಡದಿಂದ ಕಿತ್ತ ಎರಡು ಚೆಂಡುಹೂವು ಮುಚ್ಚಳದ ಮೇಲೆ ಕೂತವು. ಕರ್ಪೂರ ಹಚ್ಚಲು ಬೆಂಕಿಪೊಟ್ಟಣ ತೆಗೆದವನು, ಒಳಗಿರುವುದೇನೆಂದು ನೆನಪಾಗಿ ಮತ್ತೆ ಜೇಬಿಗಿಟ್ಟುಕೊಂಡ. ಅವನು ಜೀವಮಾನದಲ್ಲಿ ತೋರಿದ ಜಾಣತನಗಳಲ್ಲಿ ಅದನ್ನೂ ಸೇರಿಸಲೇಬೇಕು.

"ಲಿಂಗಾ ಸಾನ್, ಹೂವು ಯಾರಿಗೆ?"

ಬೇಲಿಯ ಆಚೆಯಿಂದ ಕೇಳಿದವರು ಮೊರಿತಾ ಸಾನ್, ಪಕ್ಕದ ಮನೆಯವರು. ನಿವೃತ್ತರಾದ ಅಂಚೆಯವರು, ಈಗ ಆ ಬೀದಿಯ ಸಂಘದ ಮುಖ್ಯಸ್ಥರು. ಬೇಲಿಗೆ ಹೊಂದಿಕೊಂಡೇ ಅವರ ಮೂಲಂಗಿಯ ಪಾತಿ. ಈ ಎರಡು ವರ್ಷದಲ್ಲಿ ಅವರು ಲಿಂಗರಾಜುವನ್ನು ಕೇಳಿದ್ದೆಲ್ಲ ಕಸದ ವಿಚಾರ. ಯಾವ ಚೀಲ, ಯಾವ ದಿನ ಎಂದು ಕೇಳುವುದು, ಇವನು ತಪ್ಪು ಹೇಳುವುದು, ಅವರು ಪಾಪ ತಾವೇ ಸರಿಯಾದ ಚೀಲಕ್ಕೆ ಹಾಕಿಡುವುದು. ಉತ್ತರ ಗೊತ್ತಿರುವ ಪ್ರಶ್ನೆಯನ್ನು ಒಬ್ಬ ಜಪಾನಿ ತನ್ನನ್ನು ಕೇಳಿದ್ದು ಲಿಂಗರಾಜುವಿಗೆ ಇದೇ ಮೊದಲು. ಅವನ ಎದೆ ಉಬ್ಬಿತು.

ಅವನಿಗೆ ಬರುತ್ತಿದ್ದ ಜಪಾನಿ ಪದಗಳು ಹೆಚ್ಚೆಂದರೆ ನಲವತ್ತು. ಅಷ್ಟನ್ನೂ ಕೆಲಸಕ್ಕೆ ಹಚ್ಚಿದ. "ಟ್ಯಾಂಕು. ಬಹಳ ಕೆಲಸ. ಬಹಳ ಬಿಸಿ. ಶನಿವಾರ ಸಾಯೋನಾರಾ. ಇವತ್ತು ಅರಿಗಾತೋ." ವಿದಾಯ, ಕೃತಜ್ಞತೆ ಎರಡೂ ಆದವು; ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ಸಂತೋಷದಲ್ಲಿ ಅವನು ಉಪನಿಷತ್ತಿಗೆ ಇಳಿದ. ಅಣುವಿನಲ್ಲೂ ದೇವರಿದ್ದಾನೆ, ಎಣ್ಣೆಯಲ್ಲೂ ಇದ್ದಾನೆ ಎಂಬುದನ್ನು ಅರ್ಧ ಇಂಗ್ಲಿಷಿನಲ್ಲಿ, ಅರ್ಧ ಕೈಸನ್ನೆಯಲ್ಲಿ ವಿವರಿಸಿದ.

ಮೊರಿತಾ ಸಾನ್ ಟೋಪಿ ತೆಗೆದು ಟ್ಯಾಂಕನ್ನೇ ನೋಡುತ್ತ ನಿಂತರು. ಕೊನೆಗೆ ಸೊಂಟ ಬಾಗಿಸಿ ನಮಸ್ಕಾರ ಮಾಡಿ, ಕಣ್ಣೊರೆಸಿಕೊಂಡು ಒಳಗೆ ಹೋದರು.

"ಇಂಪ್ಯಾಕ್ಟ್ ಆಗಿದೆ," ಎಂದುಕೊಂಡ ಲಿಂಗರಾಜು.

ಆಗಿಯೇ ಇತ್ತು. ಮಾರನೆಯ ಬೆಳಿಗ್ಗೆ ಟ್ಯಾಂಕಿನ ಮುಂದೆ ಎರಡು ಕಿತ್ತಳೆ ಇದ್ದವು. ಸಂಜೆಗೆ ಚಿಕ್ಕದೊಂದು ಬಟ್ಟಲಿನಲ್ಲಿ ಸಾಕೆ ಎಂಬ ಅಕ್ಕಿಯ ಮದ್ಯ. ಅದರ ಮಾರನೆಯ ದಿನ ಮೂಲೆಮನೆಯ ಮುದುಕರೊಬ್ಬರು ಕೋಲೂರಿಕೊಂಡು ಬಂದು, ಅಪ್ಪಣೆ ಕೇಳಿ, ಹಿತ್ತಿಲಿಗೆ ಹೋಗಿ ಟ್ಯಾಂಕಿಗೆ ಕೈಮುಗಿದು ಹೋದರು. ಬೇಕರಿಯ ಹೆಂಗಸು ಹುರುಳಿಹೂರಣದ ಬನ್ನು ಇಟ್ಟು ಹೋದಳು.

ನೀರಜಾ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ರೀ, ಏನ್ರೀ ಹೇಳಿದ್ರಿ ಇವರಿಗೆ?"

"ಫಿಲಾಸಫಿ ಹೇಳ್ದೆ ಕಣೇ."

"ನಲವತ್ತು ಪದದಲ್ಲಾ? ನೀವು ಆ ಟ್ಯಾಂಕನ್ನ ದೇವರು ಮಾಡಿಬಿಟ್ಟಿದೀರ! ಶನಿವಾರ ಅದನ್ನ ಕಿತ್ತು ಗುಜರಿಗೆ ಹಾಕೋದು ಅಂತ ಗೊತ್ತು ತಾನೇ?"

ಅಷ್ಟು ಹೊತ್ತಿಗೆ ತಾನಿಗಾವಾ ಅಜ್ಜಿಯೇ, ನಡೆಯುವಾಗ ಆಸರೆಗೂ ದಣಿದಾಗ ಕೂರುವುದಕ್ಕೂ ಆಗುವ ತಮ್ಮ ಕೈಗಾಡಿ ತಳ್ಳಿಕೊಂಡು ಬಂದರು. ಜಪಾನಿಯಲ್ಲಿ ಮಾತಾಡಬೇಕಾದದ್ದೆಲ್ಲ ನೀರಜಾಳ ಪಾಲು. ತರಕಾರಿ ಅಂಗಡಿಯಲ್ಲಿ, ಸ್ಕೂಲಿನ ತಾಯಂದಿರ ನಡುವೆ ಅವಳು ಕಲಿತ ಭಾಷೆ ಗಂಡನದಕ್ಕಿಂತ ಬಹಳ ಮೇಲು. ಅಜ್ಜಿ ಅವಳ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡು ಮೆಲ್ಲಗೆ ಹೇಳಿದರು. ಬಾಡಿಗೆಯ ಕರಾರು ಈ ತಿಂಗಳಿಗೆ ಮುಗಿಯುತ್ತದೆ. ತಮಗೆ ವಯಸ್ಸಾಯಿತು, ಮುಂದಿನದನ್ನು ಟೋಕಿಯೋದಲ್ಲಿರುವ ಮಗ ಕೆಂಜಿಯೇ ತೀರ್ಮಾನಿಸುತ್ತಾನೆ. ಶನಿವಾರ ಅವನೇ ಬರುತ್ತಾನೆ. "ಅವನು ವಿಮಾ ಕಂಪನಿಯವನು. ಎಲ್ಲದರಲ್ಲೂ ಅಪಾಯ ಕಾಣುತ್ತದೆ ಅವನಿಗೆ," ಎಂದು ನಿಟ್ಟುಸಿರುಬಿಟ್ಟರು.

ಹೋಗುವಾಗ ಅವರ ಕಣ್ಣು ಹಿತ್ತಿಲಿಗೆ ಬಿತ್ತು. ವಿಭೂತಿ, ಹೂವು, ಕಿತ್ತಳೆ. ಅಜ್ಜಿ ಕನ್ನಡಕ ತೆಗೆದು ಒರೆಸಿಕೊಂಡರು. ಗಾಡಿ ತಿರುಗಿಸಿದರು.

"ಮುಗೀತು," ಎಂದಳು ನೀರಜಾ. "ಅಜ್ಜಿಗೆ ಬೇಜಾರಾಯ್ತು."

ವಿದೇಶಿಯರಿಗೆ ಬಾಡಿಗೆಗೆ ಕೊಡುವ ಮನೆ ಹುಡುಕಿ ಗೊತ್ತಿದ್ದವರಿಗೇ ಆ ಮಾತಿನ ಭಾರ ತಿಳಿಯುವುದು. ಎಷ್ಟು ಕಡೆ ನಗುತ್ತಲೇ ಇಲ್ಲ ಅಂದಿದ್ದರು! ತಾನಿಗಾವಾ ಅಜ್ಜಿಯೊಬ್ಬರೇ, ಮೊದಲ ದಿನ ಹಂಸಾ ಬಾಗಿಲಲ್ಲಿ ಎಲ್ಲರ ಚಪ್ಪಲಿಗಳನ್ನೂ ತಿರುಗಿಸಿ ಜೋಡಿಸಿಟ್ಟದ್ದನ್ನು ನೋಡಿ, ಬೇರೆ ಏನೂ ಕೇಳದೆ ಬೀಗದ ಕೈ ಕೊಟ್ಟಿದ್ದರು. ಹಂಸಾ ಆಗಲೇ ಎರಡು ಸ್ಕೂಲು ಬದಲಾಯಿಸಿದ್ದಳು. ಇಲ್ಲಿ ಮಿಯೋ ಎಂಬ ಗೆಳತಿ ಸಿಕ್ಕ ಮೇಲೆ ಮಗು ಊಟ ಸರಿಯಾಗಿ ಮಾಡತೊಡಗಿತ್ತು.

"ಅಮ್ಮಾ, ಆರ್ ವಿ ಮೂವಿಂಗ್ ಅಗೇನ್?" ಎಂದು ಬಾಗಿಲ ಸಂದಿಯಿಂದ ಕೇಳಿದ ಹಂಸಾ, ಉತ್ತರಕ್ಕೂ ಕಾಯದೆ "ಇಯಾ!" ಎಂದು ಒಳಗೋಡಿದಳು. ಬೇಡವೇ ಬೇಡ ಎನ್ನುವುದಕ್ಕೆ ಅಲ್ಲಿನ ಮಕ್ಕಳ ಮಾತು ಅದು. ಲಿಂಗರಾಜುವಿನ ನಲವತ್ತು ಪದಗಳಲ್ಲಿ ಅದೂ ಇತ್ತು.

ಶುಕ್ರವಾರ ಆಫೀಸಿಗೆ ರಜೆ ಹಾಕಿ, ಬೀದಿಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ, ಒದ್ದೆ ಬಟ್ಟೆ ಹಿಡಿದು ಹಿತ್ತಿಲಿಗೆ ಹೋದ. ಮೂರು ಗೆರೆಯಲ್ಲಿ ಎರಡು ಅಳಿಸಿದ್ದ, ಅಷ್ಟರಲ್ಲಿ ಬೇಲಿಯ ಬಾಗಿಲು ಕಿರ್ರೆಂದಿತು. ಮೊರಿತಾ ಸಾನ್ ಅವರ ಹೆಂಡತಿ, ಕೈಯಲ್ಲಿ ಬಿಳಿ ಸೇವಂತಿಗೆ. ಅವಳು ಇವನನ್ನೂ ಬಟ್ಟೆಯನ್ನೂ ನೋಡಿದಳು. ಇವನು ಕಳ್ಳತನ ಮುಚ್ಚಿಕೊಳ್ಳಲು ಟ್ಯಾಂಕಿನ ಹೊಟ್ಟೆಯನ್ನು ಮಗುವಿಗೆ ಎಣ್ಣೆನೀರು ಹಾಕುವವರಂತೆ ನಯವಾಗಿ ಸವರತೊಡಗಿದ.

ಆಕೆಯ ಮುಖ ಅರಳಿತು. "ಆಹಾ," ಎಂದು ತನ್ನ ಮನೆಗೆ ಹೋಗಿ, ಬಕೆಟ್ಟಿನಲ್ಲಿ ಬೆಚ್ಚನೆಯ ನೀರು, ಹೊಸ ಬಟ್ಟೆ ತಂದು ಅವನ ಪಕ್ಕದಲ್ಲೇ ಮಂಡಿಯೂರಿ ಕೂತಳು. ತಮ್ಮ ಹಿರಿಯರ ಸಮಾಧಿಯ ಕಲ್ಲು ತೊಳೆಯುವಷ್ಟೇ ಶ್ರದ್ಧೆಯಿಂದ ನಾಲ್ಕು ಕಾಲುಗಳನ್ನೂ ಇಟ್ಟಿಗೆಯನ್ನೂ ತೊಳೆದಳು. ತೊಳೆದಾದ ಮೇಲೆ ಎದ್ದು ಹೋದಳೇ? ಇಲ್ಲ. ಕೈಕಟ್ಟಿ ನಿಂತು ಕಾದಳು. ಅಭ್ಯಂಜನವಾದ ಮೇಲೆ ಅಲಂಕಾರ ಆಗಲೇಬೇಕಲ್ಲ! ಲಿಂಗರಾಜು ಒಳಗೆ ಹೋಗಿ ವಿಭೂತಿ ಗಟ್ಟಿ ತಂದ. ಈ ಸಲ ಗೆರೆಗಳು ಮೊದಲಿಗಿಂತ ದೊಡ್ಡವಾಗಿ ಬಂದವು.

ದಿಕ್ಕು ತೋಚದೆ ಇಚಿಕಾವಾದಲ್ಲಿದ್ದ ನೀರಜಾಳ ತಮ್ಮ ಅಶೋಕನಿಗೆ ಫೋನು ಮಾಡಿದ. ಇಚಿಕಾವಾದ ಅಪಾರ್ಟ್‌ಮೆಂಟುಗಳಲ್ಲಿ ಗಣೇಶನನ್ನು ಕೂರಿಸಿ, ಬಕೆಟ್ಟಿನಲ್ಲಿ ಬಿಟ್ಟು, ಎಲ್ಲ ಶಾಸ್ತ್ರಕ್ಕೂ ತಾನೇ ಅಧಿಕಾರಿ ಎಂದು ನಂಬಿದ್ದವನು ಅವನು.

"ಭಾವ, ನೀವು ಆವಾಹನೆ ಮಾಡಿಬಿಟ್ಟಿದೀರ," ಎಂದ ಅಶೋಕ ಡಾಕ್ಟರರ ದನಿಯಲ್ಲಿ.

"ಆವಾಹನೆ ಎಲ್ಲಿ ಮಾಡ್ದೆನೋ? ವಿಭೂತಿ ಮಿಕ್ಕಿತ್ತು, ಹಚ್ಚಿದೆ."

"ಅದೇ ಆವಾಹನೆ. ಇಂಟೆನ್ಷನ್ ಇಂಪಾರ್ಟೆಂಟ್ ಅಲ್ಲ ಭಾವ, ಪ್ರೊಸೀಜರ್ ಇಂಪಾರ್ಟೆಂಟ್. ಈಗ ಉದ್ವಾಸನೆ ಮಾಡ್ಬೇಕು. ಸಿಂಪಲ್. ಹಬ್ಬ ಆದ್ಮೇಲೆ ಕಲಶನ ಉತ್ತರಕ್ಕೆ ಒಂದ್ ಚೂರು ಜರುಗಿಸಲ್ವಾ? ಹಂಗೇ ಜರುಗಿಸಿಬಿಡಿ. ದೇವರು ಹೋದ. ಆಮೇಲೆ ಅದು ಬರೀ ಡಬ್ಬ."

ಶನಿವಾರ ಬಂತು. ಕೆಂಜಿ ಸಾನ್ ಕಪ್ಪು ಸೂಟು ತೊಟ್ಟು, ಕನ್ನಡಿಯಂಥ ಕಾರಿನಿಂದ ಇಳಿದರು. ಅಮ್ಮನಿಗೆ ಬಾಗಿಲು ತೆಗೆದುಕೊಟ್ಟವರು, ಮನೆಯನ್ನೊಮ್ಮೆ ಮೇಲಿನಿಂದ ಕೆಳಗೆ ನೋಡಿ ಗಡಿಯಾರ ನೋಡಿಕೊಂಡರು. ಟ್ಯಾಂಕು ತೆಗೆಯುವವನು ಚಿಕ್ಕ ಲಾರಿಯಲ್ಲಿ ಪಂಪು, ಡಬ್ಬಗಳನ್ನು ಹೇರಿಕೊಂಡು ಬಂದ. ಹೇಳಿಕಳಿಸಿದವರು ಯಾರೋ, ಬೀದಿಯವರೆಲ್ಲ ಬೇಲಿಯ ಆಚೆ ಒಗೆದ ಬಟ್ಟೆ ತೊಟ್ಟು ನೆರೆದಿದ್ದರು.

ಟ್ಯಾಂಕು ತೆಗೆಯುವವನು ಹಿತ್ತಿಲಿಗೆ ಹೋದ. ಹೋದಷ್ಟೇ ಬೇಗ, ಹೆಲ್ಮೆಟ್ಟು ಕೈಯಲ್ಲಿ ಹಿಡಿದು ವಾಪಸು ಬಂದ.

"ಸುಮಿಮಾಸೆನ್," ಎಂದು ಕ್ಷಮೆ ಕೇಳಿದ. "ಅದನ್ನು ನಾನು ಮುಟ್ಟಲಾರೆ."

"ಯಾಕೆ?" ಎಂದರು ಕೆಂಜಿ ಸಾನ್.

"ಪೂಜೆಯಾಗಿದೆ. ಕಳಿಸಿಕೊಡುವ ಶಾಸ್ತ್ರ ಆಗಬೇಕು. ಬಾವಿ ಮುಚ್ಚುವಾಗಲೂ ನಾವು ಹಾಗೇ ಬರಿದೇ ಮುಚ್ಚುವುದಿಲ್ಲ."

"ಅದು ಸೀಮೆಎಣ್ಣೆ ಟ್ಯಾಂಕು."

"ಹೌದು. ಆದರೆ ಹೂವಿದೆ."

"ಯಾರು ಮಾಡಿದ್ದು ಇದನ್ನು?"

ಬೀದಿಯವರೆಲ್ಲ ಸಭ್ಯತೆಯಿಂದ ಬೇರೆ ಬೇರೆ ಕಡೆ ನೋಡಿದರು. ಒಬ್ಬರು ಮೋಡ, ಒಬ್ಬರು ಹಲಸಂದೆ ಬಣ್ಣದ ಬೆಕ್ಕು, ಒಬ್ಬರು ತಮ್ಮದೇ ಚಪ್ಪಲಿ. ಲಿಂಗರಾಜು ಇದ್ದ ದಿಕ್ಕನ್ನು ಬಿಟ್ಟು ಎಲ್ಲ ದಿಕ್ಕನ್ನೂ ನೋಡಿದ್ದರಿಂದ ಕೆಂಜಿ ಸಾನ್‌ಗೆ ಉತ್ತರ ಸಿಕ್ಕಿತು. ಅವರು ಅಮ್ಮನ ಕಡೆ ತಿರುಗಿ ತಗ್ಗಿದ ದನಿಯಲ್ಲಿ ಏನೋ ಹೇಳತೊಡಗಿದರು.

"ಏನಂತೆ?" ಎಂದ ಲಿಂಗರಾಜು.

"ಅದಕ್ಕೇ ಬೇಡ ಅಂದಿದ್ದೆ, ಅಂತಿದಾರೆ," ಎಂದಳು ನೀರಜಾ. "ಕರಾರು ಅನ್ನೋ ಮಾತು ಬಂತು. ಬೇಗ ಏನಾದ್ರೂ ಮಾಡ್ರೀ!"

ಲಿಂಗರಾಜು ಚಪ್ಪಲಿ ಬಿಟ್ಟು ಟ್ಯಾಂಕಿನ ಮುಂದೆ ನಿಂತ. ನೀರಜಾ ಫೋನು ಎತ್ತಿಹಿಡಿದಳು. ಅದರೊಳಗೆ ಅಶೋಕ, ಹೆಗಲ ಮೇಲೆ ಟವೆಲ್ಲು ಹಾಕಿಕೊಂಡು ಸಿದ್ಧನಾಗಿದ್ದ.

"ಉತ್ತರಕ್ಕೆ, ಭಾವ."

"ಉತ್ತರಕ್ಕೆ ಗೋಡೆ ಇದೆ ಕಣೋ!"

"ಹಾಗಾದ್ರೆ ಈಶಾನ್ಯ. ಪರವಾಗಿಲ್ಲ, ಅದೂ ದೇವರ ದಿಕ್ಕೇ."

ಈಶಾನ್ಯಕ್ಕೆ ಮೊರಿತಾ ಸಾನ್ ಅವರ ಮೂಲಂಗಿ ಇತ್ತು. ಲಿಂಗರಾಜು ಕಣ್ಣುಮುಚ್ಚಿ, ಹಂಸಾಳನ್ನು ನೆನೆದು, ಎರಡೂ ಕೈಯಿಂದ ಜರುಗಿಸಿದ. ಕಲಶವನ್ನು ಜರುಗಿಸಲು ಒಂದು ಬೆರಳು ಸಾಕು. ಇದಕ್ಕೆ ಅವನು ಹೆಗಲು ಕೊಟ್ಟ. ಐದು ವರ್ಷ ಅಲುಗದಿದ್ದ ಇಟ್ಟಿಗೆ ಜಾರಿತು.

ಟ್ಯಾಂಕು ಒಮ್ಮೆ ನಿಟ್ಟುಸಿರಿನಂಥ ಸದ್ದು ಮಾಡಿ, ದೊಡ್ಡ ಮನುಷ್ಯರು ಕುರ್ಚಿಯಿಂದ ಏಳುವ ಗಾಂಭೀರ್ಯದಲ್ಲಿ, ನಿಧಾನವಾಗಿ ಬೇಲಿಯ ಕಡೆಗೆ ವಾಲಿತು. ಒಳಗೆ ಎಣ್ಣೆ ಗಳಗಳನೆ ಓಡಿದ್ದು ಎಲ್ಲರಿಗೂ ಕೇಳಿಸಿತು. ಲಿಂಗರಾಜು ಅದರ ಕಾಲು ಹಿಡಿದುಕೊಂಡ. ಮೊರಿತಾ ಸಾನ್ ಬೇಲಿಯ ಮೇಲಿಂದ ಬಾಗಿ ಅದರ ತಲೆ ಹಿಡಿದರು. ಆಗ, ಯಾರೂ ಊಹಿಸದಂತೆ, ಕೆಂಜಿ ಸಾನ್ ಸೂಟಿನ ಸಮೇತ ಹಾರಿ ಬಂದು ಟ್ಯಾಂಕಿನ ಹೊಟ್ಟೆಯನ್ನು ಎರಡೂ ತೋಳಿನಲ್ಲಿ ತಬ್ಬಿಕೊಂಡರು. ಅಪಾಯ ಕಂಡರೆ ಸುಮ್ಮನಿರಲಾರದ ಮನುಷ್ಯ.

"ಮಲಗಿಸಬೇಡಿ!" ಎಂದು ಟ್ಯಾಂಕು ತೆಗೆಯುವವನು ಅರಚಿದ. "ಮೇಲಿನ ಗಾಳಿ ಕೊಳವೆಯಿಂದ ಎಣ್ಣೆಯೆಲ್ಲ ಸುರಿಯುತ್ತದೆ! ಹಾಗೇ ಹಿಡಿದಿರಿ, ಖಾಲಿ ಮಾಡುತ್ತೇನೆ!" ಶಾಸ್ತ್ರಗೀಸ್ತ್ರ ಮರೆತು ಪಂಪು ತರಲು ಓಡಿದ.

"ಆಯ್ತಾ ಭಾವ? ದೇವರು ಹೋದನಾ?" ಎಂದು ಫೋನಿನಿಂದ ಅಶೋಕ ಕೇಳಿದ. ನೀರಜಾ ಫೋನು ಆರಿಸಿದಳು.

ಬೀದಿಯವರಿಗೆ ಮಾತ್ರ ಎಲ್ಲ ಸರಿಯಾಗಿಯೇ ಕಂಡಿತು. ಕಳಿಸಿಕೊಡುವ ಮುಂಚೆ ತಬ್ಬಿಕೊಳ್ಳುವುದು ಭಾರತದ ಪದ್ಧತಿಯಿರಬೇಕೆಂದು ಎಲ್ಲರೂ ಒಟ್ಟಿಗೆ ಸೊಂಟ ಬಾಗಿಸಿ ನಮಸ್ಕಾರ ಮಾಡಿದರು.

"ಅಪ್ಪಾ, ಎವ್ರಿಬಡಿ ಈಸ್ ಲುಕಿಂಗ್," ಎಂದು ಹಂಸಾ ಮುಖ ಮುಚ್ಚಿಕೊಂಡಳು.

ಪಂಪು ಗುರುಗುಟ್ಟತೊಡಗಿತು. ಎಣ್ಣೆ ಡಬ್ಬಕ್ಕೆ ಇಳಿಯುತ್ತಿದ್ದದ್ದು ನೂಲಿನ ಎಳೆಯಂತೆ. ಮೂವರು ಗಂಡಸರು ಟ್ಯಾಂಕನ್ನು ಬಿಡುವ ಹಾಗಿಲ್ಲ, ಅಲುಗುವ ಹಾಗಿಲ್ಲ. ಕೆಂಜಿ ಸಾನ್‌ರ ಕೆನ್ನೆ ನೇರವಾಗಿ ವಿಭೂತಿಯ ಮೇಲಿತ್ತು. ಆಗ ತಾನಿಗಾವಾ ಅಜ್ಜಿ ಕೈಗಾಡಿಯ ಮೇಲೆ ಕೂತು, ಮಗ ಎಲ್ಲಿಗೂ ಎದ್ದುಹೋಗಲಾರನೆಂಬುದನ್ನು ಖಚಿತ ಮಾಡಿಕೊಂಡವರಂತೆ ಮಾತು ಶುರುಮಾಡಿದರು. ನೀರಜಾ ನೆಲಕ್ಕೆ ಕುಕ್ಕರಗಾಲಲ್ಲಿ ಕೂತು, ಟ್ಯಾಂಕಿನ ಕಾಲು ಹಿಡಿದಿದ್ದ ಗಂಡನ ಕಿವಿಗೆ ಕನ್ನಡದಲ್ಲಿ ಹೇಳುತ್ತ ಹೋದಳು.

"ಆ ಭೂಕಂಪದ ವಾರ ಕರೆಂಟು ಬಂದರೆ ಬಂತು, ಹೋದರೆ ಹೋಯಿತು. ಪೆಟ್ರೋಲ್ ಬಂಕಿನಲ್ಲಿ ಹನುಮಂತನ ಬಾಲದಂಥ ಸಾಲಂತೆ," ನೀರಜಾ ತನ್ನದೂ ಒಂದಿಷ್ಟು ಸೇರಿಸುತ್ತಿದ್ದಳು. "ಸೀಮೆಎಣ್ಣೆ ಎಲ್ಲೂ ಇಲ್ಲ. ಹಿಮ ಬೀಳೋ ಚಳಿ. ಅಜ್ಜಿಯ ಯಜಮಾನರು ಆಗ ತಾನೇ ಈ ಟ್ಯಾಂಕು ತುಂಬಿಸಿದ್ರಂತೆ. ಇಟ್ಟಿಗೆ ಕೊಟ್ಟು ನಿಲ್ಲಿಸಿದವರೂ ಅವರೇ. ನಿಲ್ಲಿಸಿ, ಕೆಳಗಿನ ನಲ್ಲಿ ಬಿಚ್ಚಿ, ಬೀದಿಯ ಒಂದೊಂದು ಮನೆಗೂ ಡಬ್ಬದಲ್ಲಿ ಹಂಚಿದ್ರಂತೆ. ಮೂಲೆಮನೆ ತಾತನಿಗೆ, ಬೇಕರಿಯವಳ ಹಸುಗೂಸಿಗೆ, ಎಲ್ಲರಿಗೂ..."

"ಅಮ್ಮಾ, ನನಗೆ ಯಾಕೆ ಹೇಳಲಿಲ್ಲ?" ಎಂದರು ಕೆಂಜಿ ಸಾನ್, ಟ್ಯಾಂಕಿನಿಂದ ಕೆನ್ನೆ ತೆಗೆಯಲಾಗದೆ.

"ನೀನು ಫೋನು ಮಾಡಿ ನಮ್ಮ ಮನೆ ಬೆಚ್ಚಗಿದೆಯಾ ಎಂದು ಕೇಳಿದೆ. ಇದೆ ಎಂದೆ. ಬೇರೆ ಮನೆಗಳನ್ನು ನೀನು ಕೇಳಲಿಲ್ಲವಲ್ಲ, ಮಗೂ."

ಮೊರಿತಾ ಸಾನ್ ಬೇಲಿಯ ಮೇಲಿಂದ ತಲೆ ತಗ್ಗಿಸಿದರು. "ಆ ಬೇಸಿಗೆಯಲ್ಲೇ ಅವರು ಹೋಗಿಬಿಟ್ಟರು. ಗದ್ದಲ ಬೇಡ ಎಂದಿದ್ದರಂತೆ, ಮನೆಯವರಷ್ಟೇ ಸೇರಿ ಕಳಿಸಿಕೊಟ್ಟರು. ಬೀದಿಯವರು ಯಾರೂ ಸರಿಯಾಗಿ ಅರಿಗಾತೋ ಎನ್ನಲೇ ಇಲ್ಲ. ದಿನಾ ಈ ಟ್ಯಾಂಕನ್ನು ನೋಡುತ್ತಿದ್ದೆ, ನೆನಪೂ ಆಗುತ್ತಿತ್ತು, ಆದರೆ ಸುಮ್ಮನಿದ್ದೆ. ಪರದೇಶದಿಂದ ಬಂದ ಲಿಂಗಾ ಸಾನ್ ಅದಕ್ಕೆ ಹೂವಿಟ್ಟು ಅರಿಗಾತೋ ಅಂದರು. ನನಗೆ ನಾಚಿಕೆಯಾಯಿತು. ಇವರಿಗೆ ಇದನ್ನೆಲ್ಲ ಯಾರು ಹೇಳಿದರೋ!"

ಎಲ್ಲರ ಕಣ್ಣೂ ಲಿಂಗರಾಜುವಿನ ಮೇಲೆ ಬಿತ್ತು.

"ಹಾಗಾದ್ರೆ ನನ್ನ ಫಿಲಾಸಫಿ?" ಎಂದ ಅವನು ಮೆಲ್ಲಗೆ.

"ಯಾರಿಗೂ ಒಂದಕ್ಷರ ಅರ್ಥವಾಗಿಲ್ಲ. ನಮ್ಮ ಪುಣ್ಯ."

ಸುಮ್ಮನೆ ತಲೆಯಾಡಿಸಿದ್ದರೆ ಮನೆ ಉಳಿಯುತ್ತಿತ್ತು. ಅಷ್ಟು ಸುಲಭವಾದ ದಾರಿ ಎದುರಿಗೇ ಇತ್ತು. ಆದರೆ ಬೇಕರಿಯ ಹೆಂಗಸು ಸೆರಗಿಲ್ಲದ ಕಾರಣ ಅಂಗಿಯ ತೋಳಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಅವಳ ಬನ್ನನ್ನು ಲಿಂಗರಾಜು ಬುಧವಾರ ಸಂಜೆ ತಿಂದುಬಿಟ್ಟಿದ್ದ.

"ನನಗೆ ಗೊತ್ತಿರ್ಲಿಲ್ಲ ಅಂತ ಹೇಳು ನೀರಜಾ."

"ತಲೆ ಕೆಟ್ಟಿದೆಯಾ ನಿಮಗೆ? ಈಗಲಾ?"

"ಹೇಳು. ತಟ್ಟೇಲಿ ವಿಭೂತಿ ಮಿಕ್ಕಿತ್ತು, ಒಳಗೆ ತಂದ್ರೆ ಬೈತೀಯ ಅಂತ ಹಚ್ಚಿದೆ. ಅಷ್ಟೇ ಅಂತ ಹೇಳಿಬಿಡು."

ನೀರಜಾ ಗಂಡನ ಮುಖ ನೋಡಿದಳು. ಮಗಳ ಕಡೆ ನೋಡಿದಳು. ಆಮೇಲೆ ಎದ್ದುನಿಂತು, ಒಂದು ಮಾತನ್ನೂ ಬಿಡದೆ, ಬೈಗುಳದ ಭಾಗವನ್ನೂ ಸೇರಿಸಿ ಹೇಳಿದಳು.

ಲಿಂಗರಾಜು ಟ್ಯಾಂಕಿನ ಕಾಲನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡ. ಆಗ ಯಾರೋ ಕಿಸಕ್ಕೆಂದರು. ನೋಡಿದರೆ ತಾನಿಗಾವಾ ಅಜ್ಜಿ. ಕೈ ಅಡ್ಡ ಹಿಡಿದು, ಭುಜ ಕುಲುಕಿಸಿಕೊಂಡು ನಗುತ್ತಿದ್ದರು.

"ನಮ್ಮವರೂ ಅಷ್ಟೇ," ಎಂದರು ಕಣ್ಣೊರೆಸಿಕೊಳ್ಳುತ್ತ. "ಇಷ್ಟೊಂದು ಯಾಕೆ ತುಂಬಿಸಿದಿರಿ ಎಂದು ಆ ವಾರ ಅವರನ್ನು ಬೈದಿದ್ದೆ. ಆಮೇಲೆ ಯಾಕೆ ಹಂಚಿದಿರಿ ಎಂದು ಕೇಳಿದರೆ, ಮಿಕ್ಕಿತ್ತು, ಕೊಟ್ಟೆ, ನೀನು ಬೈಯುವುದು ತಪ್ಪಿತು ಎಂದರು."

ಬೀದಿಗೆ ಬೀದಿಯೇ ನಕ್ಕಿತು. ಟ್ಯಾಂಕು ಖಾಲಿಯಾಯಿತು. ಕೊಳವೆ ಬಿಚ್ಚಿ, ಕಾಲು ಬಿಚ್ಚಿ, ಲಾರಿಗೆ ಏರಿಸುವಾಗ ಸೇವಂತಿಗೆಯನ್ನು ಯಾರೂ ತೆಗೆಯಲಿಲ್ಲ. ಟ್ಯಾಂಕು ತೆಗೆಯುವವನು ಹಾರನ್ನನ್ನು ಒಮ್ಮೆ ಉದ್ದಕ್ಕೆ ಒತ್ತಿದ. ಲಾರಿ ತಿರುವು ದಾಟುವವರೆಗೂ ಎಲ್ಲರೂ ಬಾಗಿಯೇ ನಿಂತಿದ್ದರು. ಇಟ್ಟಿಗೆಯನ್ನು ಅಜ್ಜಿ ಕರವಸ್ತ್ರದಲ್ಲಿ ಸುತ್ತಿ ಗಾಡಿಯಲ್ಲಿಟ್ಟುಕೊಂಡರು.

ಮಧ್ಯಾಹ್ನ ಹೊಸ ಹೀಟರು ಬಂದು ಕೂತಿತು. ಕೆಂಜಿ ಸಾನ್ ಅದನ್ನು ಸುತ್ತು ಹಾಕಿ ನೋಡಿದರು. ಅವರ ಸೂಟಿನ ಎದೆಯ ಮೇಲೆ ತುಕ್ಕು, ಕೆನ್ನೆಯ ಮೇಲೆ ಮೂರು ಗೆರೆ. ಅವರಿಗೆ ಅದನ್ನು ಹೇಳುವ ಧೈರ್ಯ ಯಾರಿಗೂ ಬಂದಿರಲಿಲ್ಲ.

"ಆ ಬಿಳಿ ಗೆರೆ," ಎಂದರು ನೀರಜಾಳಿಗೆ, ಗಂಟಲು ಸರಿಮಾಡಿಕೊಂಡು. "ಅದನ್ನು ಹೊಸದಕ್ಕೂ ಎಳೆಯಬೇಕಾಗುತ್ತದೆಯೇ?"

"ಪ್ರತಿ ವರ್ಷ," ಎಂದಳು ನೀರಜಾ ತಟ್ಟನೆ.

ಕೆಂಜಿ ಸಾನ್ ವಿಮಾ ಕಂಪನಿಯವರ ರೀತಿಯಲ್ಲಿ ಯೋಚಿಸಿದರು. "ಈ ಹೀಟರು ಹತ್ತು ವರ್ಷ ಬಾಳುತ್ತದಂತೆ. ಹಾಗಾದರೆ ಗೆರೆ ಎಳೆಯುವವರೂ ಇಲ್ಲೇ ಇರಬೇಕಾಗುತ್ತದೆ."

ಹಂಸಾ ಒಂದೇ ನೆಗೆತಕ್ಕೆ ಬೇಲಿ ದಾಟಿ ಮಿಯೋಳ ಮನೆಯತ್ತ ಓಡಿದಳು. ಲಿಂಗರಾಜುವಿಗೆ ಎದೆ ತುಂಬಿ ಬಂತು. ಇಂಥ ಹೊತ್ತಿನಲ್ಲಿ ನಾಲ್ಕು ಮಾತು ಆಡದಿದ್ದರೆ ಹೇಗೆ? ಅವನು ಎದೆಯುಬ್ಬಿಸಿ, ಬಲಗೈಯನ್ನು ಆಕಾಶಕ್ಕೆತ್ತಿ, ಅಣುವಿನಿಂದಲೇ ಶುರುಮಾಡುವವನಿದ್ದ. ನೀರಜಾ ಅವನ ಕಾಲನ್ನು ಬಲವಾಗಿ ತುಳಿದಳು.

"ಅರಿಗಾತೋ," ಎಂದ ಲಿಂಗರಾಜು.

ಎಲ್ಲರಿಗೂ ಅರ್ಥವಾಯಿತು.